ಅಪ್‌ಡೇಟ್: ಎಡಗಡೆ ಬ್ರೇಕ್ ಲೈಟ್ ಸರಿಯಾಯಿತು

ನನ್ನ ಹಳೇ ಕಾರಿನ ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿದರೆ ಎಡಗಡೆ ಹಿಂದಿನ ದೀಪ ಜಾಸ್ತಿ ಬೆಳಗುವ ಬದಲು ಮಂಕಾಗುತ್ತದೆ ಅಂತ ಕೇಳಿದ್ದೆ. ಬಲಗಡೆ ಸರಿಯಿತ್ತು, ಹಾಗಾಗಿ ಫ್ಯೂಸ್, ಪೆಡಲ್ ಸ್ವಿಚ್ ಮೇಲೆ ಅನುಮಾನವಿರಲಿಲ್ಲ. ಹೊಸ ಬಲ್ಬ್ ಹಾಕಿದರೂ ಅದೇ ಕಥೆ.

ಅರ್ಥಿಂಗ್ (ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ) ನೋಡಿ ಎಂದವರ ಮಾತೇ ನಿಜವಾಯಿತು. ಯಾರಾದರೂ ಬ್ರೇಕ್ ಒತ್ತಿ ಹಿಡಿದಿರುವಾಗ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬಲ್ಬ್ ಹೋಲ್ಡರ್‌ನ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ತಾಗಿಸಬೇಕು. 0.2 ವೋಲ್ಟ್ ಒಳಗಿರಬೇಕು. ನನಗೆ ಬಂದಿದ್ದು ಸುಮಾರು 4! ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಅರ್ಥ್ ಬೋಲ್ಟ್ ಸುತ್ತ ತುಕ್ಕು, ವೈರಿನ ತುದಿಯಲ್ಲಿ ಹಸಿರು ಪುಡಿ. ಮುಟ್ಟಿದ ಕೂಡಲೇ ಎಳೆಗಳು ಉದುರಿದವು.

ಈ 21/5 ವ್ಯಾಟ್ ಬಲ್ಬಿನ ಎರಡೂ ಫಿಲಮೆಂಟ್‌ಗೆ (ಬ್ರೇಕ್‌ಗೆ 21, ಹಿಂದಿನ ಮಾಮೂಲಿ ದೀಪಕ್ಕೆ 5) ಅರ್ಥ್ ಒಂದೇ. ಅದು ಕೆಟ್ಟರೆ ಕರೆಂಟ್ ಪಕ್ಕದ ಫಿಲಮೆಂಟ್ ಮೂಲಕ ದಾರಿ ಹುಡುಕುತ್ತದೆ, ಅದಕ್ಕೇ ಈ ವಿಚಿತ್ರ ಆಟ.

ಬ್ಯಾಟರಿ ಕಳಚಿ, ಹಸಿರಾದ ವೈರ್ ಕತ್ತರಿಸಿ ಹೊಸ ರಿಂಗ್ ಟರ್ಮಿನಲ್ ಹಾಕಿದೆ. ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿದೆ. ಈಗ ಎರಡೂ ಕಡೆ ಒಂದೇ ಬೆಳಕು. ಸುಮ್ನೆ ಬಲ್ಬ್ ಬದಲಿಸುತ್ತಾ ಕೂರಬೇಡಿ ಎಂದು ತಡೆದವರಿಗೆ ತುಂಬಾ ಥ್ಯಾಂಕ್ಸ್. ಡಿಕ್ಕಿಗೆ ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಇನ್ನು ಹುಡುಕಬೇಕು, ದೀಪದ ರಬ್ಬರ್ ಸೀಲ್ ಮೇಲೆ ಅನುಮಾನ.