ಕಾಣಿಕೆ ಕೊಡುವಾಗ ಮನಸ್ಸು ಸರಿಯಿಲ್ಲ ಅನ್ನಿಸಿದರೆ?

ಪ್ರಶ್ನೆ:
ಚರ್ಚಿನಲ್ಲಿ ಕಾಣಿಕೆ ತಟ್ಟೆ ಹತ್ತಿರ ಬಂದಾಗ ನಾನು ನೋಟನ್ನು ಮಡಚದೆ ಹಾಕುತ್ತೇನೆ. ಪಕ್ಕದವರಿಗೆ ಕಾಣಲಿ ಅಂತ ಹಾಗೆ ಮಾಡುತ್ತಿದ್ದೇನೆ ಅಂತ ಗೊತ್ತಾಗಿದ್ದು ಹೋದ ಭಾನುವಾರ. ಸಭೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವಾಗಲೂ ಅಷ್ಟೇ, ಮಾತು ಚೆನ್ನಾಗಿ ಬಂತಾ ಅನ್ನೋದೇ ತಲೆಯಲ್ಲಿ. ಮನಸ್ಸು ಸರಿಹೋಗುವವರೆಗೆ ಕೊಡೋದನ್ನು ನಿಲ್ಲಿಸಬೇಕಾ?

ಉತ್ತರ:
ನಿಲ್ಲಿಸಬೇಡಿ. ಬೈಬಲಿನ ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸು ಕೊಡಬೇಡಿ ಅನ್ನಲಿಲ್ಲ, ತುತ್ತೂರಿ ಊದಿಸಬೇಡಿ ಅಂದರು. ಜನ ನೋಡಲಿ ಅಂತ ಕೊಡುವವರಿಗೆ ಪ್ರತಿಫಲ ಆಗಲೇ ಸಿಕ್ಕಾಯ್ತು ಅಂತಾರಲ್ಲ, ಅಲ್ಲಿರುವ ಗ್ರೀಕ್ ಪದವನ್ನು ಆ ಕಾಲದಲ್ಲಿ ಹಣ ಸಂದಾಯವಾದ ರಸೀದಿಗಳಲ್ಲೂ ಬರೆಯುತ್ತಿದ್ದರು, ಅಂದರೆ ಲೆಕ್ಕ ಚುಕ್ತಾ, ಇನ್ನೇನೂ ಬಾಕಿಯಿಲ್ಲ. ಇದು ತಿಳಿದ ಮೇಲೆ ನಾನು ಕಾಣಿಕೆ ಕವರಿನ ಮೇಲೆ ಹೆಸರು ಬರೆಯೋದನ್ನೇ ಬಿಟ್ಟೆ.

ಇನ್ನೊಂದು ಉತ್ತರ:
ಆದರೆ ಮತ್ತಾಯ 5:16ರಲ್ಲಿ ನಿಮ್ಮ ಒಳ್ಳೆಯ ಕೆಲಸವನ್ನು ಜನ ನೋಡಲಿ ಅಂತಲೂ ಇದೆ ಅಲ್ವಾ? ಅಲ್ಲಿ ಹೊಗಳಿಕೆ ಹೋಗೋದು ಪರಲೋಕದ ತಂದೆಗೆ. ಯಾರೋ ನೋಡಿದರು ಅಂತ ಸುಮ್ನೆ ಕೊರಗಬೇಡಿ.

ಮತ್ತೊಬ್ಬರು:
ಪ್ರಾರ್ಥನೆ ವಿಷಯದಲ್ಲಿ ನನಗೂ ನಿಮ್ಮ ಥರಾನೇ ಇತ್ತು, ತುಂಬಾ ವರ್ಷ. ಲೂಕ 18ರಲ್ಲಿ ಯೇಸು ಹೇಳಿದ ಕಥೆಯ ಸುಂಕದವನನ್ನು, ಅಂದರೆ ತೆರಿಗೆ ವಸೂಲಿ ಮಾಡುವವನನ್ನು ನೋಡಿ. ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು, ಪಾಪಿಯಾದ ನನ್ನ ಮೇಲೆ ಕರುಣೆಯಿಡು ಅಂದ, ಅಷ್ಟೇ. ಈಗ ನಾನು ಬಾಗಿಲು ಹಾಕಿ, ದೀಪ ಆರಿಸಿ, ಮೊಣಕಾಲೂರಿ ಎರಡು ಮಾತು ಹೇಳುತ್ತೇನೆ. ಒಮ್ಮೊಮ್ಮೆ ಅದೂ ಬರಲ್ಲ, ಸುಮ್ನೆ ಅಲ್ಲೇ ಇರುತ್ತೇನೆ.

ಪ್ರಶ್ನೆ ಕೇಳಿದವರು:
ಓದಿ ಕಣ್ಣು ತುಂಬಿತು. ಈ ಭಾನುವಾರ ನೋಟನ್ನು ಮಡಚಿ ಹಾಕುತ್ತೇನೆ.