ಈರುಳ್ಳಿ ಬಳೆಯ ಮೇಲೊಂದು ಮೊಕದ್ದಮೆ

"ಈ ಆನಿಯನ್ ರಿಂಗ್ ಮೆತ್ತಗಾಗಿರುವುದಕ್ಕೆ ಹೊಣೆ ಯಾರು?" ಎಂದು ವಕೀಲರು ಕೇಳಿದರು. ತಟ್ಟೆಯಿಂದ ಒಂದನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು. ಅದು ನಿಧಾನವಾಗಿ ಜೋತು ಬಿತ್ತು. "ನೋಡಿ, ಆರೋಪಿ ತಲೆ ತಗ್ಗಿಸಿದ್ದಾನೆ."

"ಆರೋಪಿ ಅವನಲ್ಲ, ನೀರು" ಎಂದರು ಮೇಷ್ಟ್ರು. ಅವರು ರಸಾಯನಶಾಸ್ತ್ರದ ಕೆಲಸದಿಂದ ನಿವೃತ್ತರಾಗಿದ್ದಾರೆ, ಪಾಠದಿಂದ ಆಗಿಲ್ಲ. "ನೂರು ಗ್ರಾಂ ಈರುಳ್ಳಿಯಲ್ಲಿ ಸುಮಾರು 89 ಗ್ರಾಂ ನೀರೇ ಇರುತ್ತದೆ. ಅದನ್ನು ಹೊರಗೆ ಕಳಿಸುವುದು ಹೇಗೆ, ಕಳಿಸಿದ್ದು ವಾಪಸು ಬರದಂತೆ ತಡೆಯುವುದು ಹೇಗೆ, ಇಷ್ಟೇ ವಿಷಯ. ಮಿಕ್ಕಿದ್ದೆಲ್ಲ ಮಸಾಲೆ."

"ಪಾಪ, ಅಷ್ಟೊಂದು ಕಣ್ಣೀರನ್ನು ಒಳಗಿಟ್ಟುಕೊಂಡಿದೆಯೇ!" ಎಂದು ಕವಿಗಳು ಮರುಗಿದರು. ಈರುಳ್ಳಿ ಹೆಚ್ಚುವ ಕೆಲಸ ಅವರದೇ ಆಗಿದ್ದರಿಂದ ಕಣ್ಣು ಇನ್ನೂ ಕೆಂಪಗಿತ್ತು.

"ಅಳಿಸುವುದು ನೀರಲ್ಲ. ಕತ್ತರಿಸಿದಾಗ ಜೀವಕೋಶಗಳು ಒಡೆಯುತ್ತವೆ, ಬೇರೆ ಬೇರೆ ಕೋಣೆಗಳಲ್ಲಿದ್ದ ಗಂಧಕದ ಸಂಯುಕ್ತವೂ ಕಿಣ್ವಗಳೂ ಒಂದುಗೂಡುತ್ತವೆ. ಆಗ ಹುಟ್ಟಿ ಕಣ್ಣಿಗೆ ಹಾರುವುದು ಸಿನ್-ಪ್ರೊಪೇನ್‌ಥಯಾಲ್-ಎಸ್-ಆಕ್ಸೈಡ್."

"ಈ ಹೆಸರನ್ನು ಕೇಳಿದರೆ ಈರುಳ್ಳಿಯಿಲ್ಲದೆಯೂ ಅಳು ಬರುತ್ತದೆ."

"ಅಳಿಸುವ ಆ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು 2002ರಲ್ಲಿ ಪತ್ತೆ ಮಾಡಿದರು. ಅದಕ್ಕಾಗಿ 2013ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ."

"ಅಳಿಸಿದ್ದಕ್ಕೆ ನಗಿಸುವ ಬಹುಮಾನ. ನ್ಯಾಯ ಇನ್ನೂ ಉಳಿದಿದೆ" ಎಂದರು ವಕೀಲರು.

ಅಡುಗೆಮನೆಯ ಒಡತಿ ಡಾಕ್ಟರಮ್ಮ. ಈವರೆಗೆ ಅವರು ಮಾತಾಡಿರಲಿಲ್ಲ. ಕವಿಗಳು ಹೆಚ್ಚಿಟ್ಟಿದ್ದ ಈರುಳ್ಳಿಯತ್ತ ಒಮ್ಮೆ ನೋಡಿ, "ಇದು ಬಳೆಯಲ್ಲ, ಅರ್ಧಚಂದ್ರ" ಎಂದರು. ಬುಡದಿಂದ ತುದಿಗೆ ಸೀಳಿದರೆ ಹೀಗೆಯೇ ಆಗುತ್ತದೆ. ಈರುಳ್ಳಿಯನ್ನು ಅಡ್ಡ ಮಲಗಿಸಿ, ಬುಡ ಒಂದು ಕಡೆ ತುದಿ ಇನ್ನೊಂದು ಕಡೆ ಇರುವಂತೆ ಹಿಡಿದು, ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಬೇಕು. ತೆಳ್ಳಗಾದರೆ ಒಳಗೆ ಈರುಳ್ಳಿಯಿದೆ ಎಂಬುದನ್ನು ನಂಬಿಕೆಯ ಮೇಲೆ ತಿನ್ನಬೇಕಾಗುತ್ತದೆ. ತೀರಾ ದಪ್ಪವಾದರೆ ಹೊರಗೆ ಕಂದಾದರೂ ಒಳಗೆ ಹಸಿ. ಚಾಕು ಹರಿತವಾಗಿದ್ದು, ಈರುಳ್ಳಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿದ್ದು ಬಂದಿದ್ದರೆ ಅಳುವೂ ಕಡಿಮೆ. ಅಳು ಕಡಿಮೆಯಾದರೆ ಕವಿತೆಯೂ ಕಡಿಮೆಯಾಗುತ್ತದೆ ಎಂಬ ಲಾಭವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ವಕೀಲರಿಗೆ ಇನ್ನೊಂದು ಹಳೆಯ ದೂರಿತ್ತು. "ಮೊದಲ ಸಲ ಕಚ್ಚಿದಾಗಲೇ ಈರುಳ್ಳಿ ಪೂರ್ತಿ ಜಾರಿ ಬಂದು ಗಲ್ಲದ ಮೇಲೆ ನೇತಾಡುತ್ತದೆ. ಕೈಯಲ್ಲಿ ಖಾಲಿ ಹೊದಿಕೆ. ಕಕ್ಷಿದಾರ ಪರಾರಿ, ವಕಾಲತ್ತು ಮಾತ್ರ ನನ್ನ ಹತ್ತಿರ!"

ಈ ಬಳೆಯ ಎಲ್ಲ ಸಂಕಟಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದೂ ಇದೇ. ರುಚಿ ಹೋದರೆ ಉಪ್ಪು ಹಾಕಬಹುದು, ನಾಲ್ಕು ಜನರೆದುರು ಗಲ್ಲದಿಂದ ನೇತಾಡುವ ಈರುಳ್ಳಿಗೆ ಏನು ಹಾಕುವುದು? ಡಾಕ್ಟರಮ್ಮ ಒಂದು ಬಳೆಯನ್ನು ಬೆಳಕಿಗೆ ಹಿಡಿದು, ಒಳಮೈಗೆ ಅಂಟಿಕೊಂಡಿದ್ದ ಪಾರದರ್ಶಕ ಪೊರೆಯನ್ನು ಉಗುರಿನಿಂದ ಮೀಟಿ ಸರ್ರನೆ ಎಳೆದು ತೋರಿಸಿದರು. ಆ ಪೊರೆ ನುಣುಪು, ಹಿಟ್ಟು ಅದನ್ನು ಹಿಡಿಯುವುದಿಲ್ಲ. ಜೊತೆಗೆ ಅದು ಗಟ್ಟಿಯಾದದ್ದು, ಹಲ್ಲಿಗೆ ತುಂಡಾಗದೆ ಇಡೀ ಈರುಳ್ಳಿಯನ್ನು ಎಳೆದುಕೊಂಡು ಬರುತ್ತದೆ. ಬಳೆಗಳನ್ನು ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ನೀರಿನಲ್ಲಿ ಕರಗಿಸಿದರೆ ಪೊರೆ ಸುಲಭವಾಗಿ ಬಿಡುತ್ತದೆ, ಈರುಳ್ಳಿಯೂ ಮೃದುವಾಗುತ್ತದೆ. ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ಒರೆಸಬೇಕು.

"ಅಂಗಡಿಯ ಪೊಟ್ಟಣದಲ್ಲಿ ಬರುವುದು ಹೀಗೆ ಜಾರುವುದೇ ಇಲ್ಲವಲ್ಲ?"

"ಅವುಗಳಲ್ಲಿ ಹಲವು ಕೊಚ್ಚಿದ ಈರುಳ್ಳಿಯನ್ನು ಬಳೆಯಾಕಾರಕ್ಕೆ ಒತ್ತಿದವು. ಜಾರಲು ಪದರವೇ ಇರುವುದಿಲ್ಲ."

ಹಿಟ್ಟು ಕಲಸುವ ಜವಾಬ್ದಾರಿಯನ್ನೂ ಕವಿಗಳೇ ಕೇಳಿ ಪಡೆದರು. ತಮ್ಮ ಕವಿತೆಯಂತೆಯೇ ಅದನ್ನೂ ತಿದ್ದಿ, ತೀಡಿ, ಮತ್ತೆ ತಿದ್ದಿ, ಒಂದು ಗಂಟೂ ಇಲ್ಲದಂತೆ ಮಾಡುತ್ತ ಕೂತರು. ಮೇಷ್ಟ್ರು ಸೌಟನ್ನು ಕಸಿದುಕೊಂಡರು. ಮೈದಾಕ್ಕೆ ನೀರು ಬಿದ್ದು, ಮೇಲಿಂದ ಕಲಕುತ್ತ ಹೋದಷ್ಟೂ ಗ್ಲುಟೆನ್ ಎಂಬ ಪ್ರೋಟೀನಿನ ಜಿಗುಟು ಜಾಲ ಬಲಿಯುತ್ತದೆ. ಬ್ರೆಡ್ಡಿಗೆ ಅದು ಶಕ್ತಿ, ಇಲ್ಲಿ ಅದು ಜಗಿತ. ಮೈದಾದ ಒಂದು ಪಾಲನ್ನು ತೆಗೆದು ಕಾರ್ನ್‌ಫ್ಲೋರ್ ಅಥವಾ ಅಕ್ಕಿ ಹಿಟ್ಟು ಹಾಕಿದರೆ ಗ್ಲುಟೆನ್ ಅಷ್ಟು ಕಡಿಮೆ. ನೀರಿಗೆ ಬದಲು ಐಸಿನಂತೆ ತಣ್ಣಗಿರುವ ಸೋಡಾ ಸುರಿದರೆ ಗುಳ್ಳೆಗಳು ಸಿಕ್ಕಿಕೊಂಡು ಹೊದಿಕೆ ಹಗುರಾಗುತ್ತದೆ. ಚಿಟಿಕೆ ಬೇಕಿಂಗ್ ಪೌಡರ್ ಇರಲಿ. ಅಲ್ಲಲ್ಲಿ ಗಂಟು ಕಂಡರೂ ಕೈ ನಿಲ್ಲಿಸಬೇಕು.

"ಅಪೂರ್ಣತೆಯಲ್ಲೇ ಸೌಂದರ್ಯ" ಎಂದರು ಕವಿಗಳು.

"ಅಪೂರ್ಣತೆಯಲ್ಲೇ ಗರಿಗರಿ. ಸೌಂದರ್ಯ ನಿಮ್ಮದು."

ಬಳೆಯನ್ನು ನೇರವಾಗಿ ಹಿಟ್ಟಿನಲ್ಲಿ ಅದ್ದುವವರೇ ಹೆಚ್ಚು. ಮೊದಲು ಒಣ ಮೈದಾದಲ್ಲಿ ಹೊರಳಿಸಿ ಕೊಡವಿದರೆ ಅದು ಮೇಲಿನ ತೇವವನ್ನು ಹೀರಿ, ಹಸಿ ಹಿಟ್ಟು ಕಚ್ಚಿಕೊಳ್ಳಲು ನೆಲೆ ಕೊಡುತ್ತದೆ. ಆಮೇಲೆ ಹಸಿ ಹಿಟ್ಟು, ಬೇಕಿದ್ದವರಿಗೆ ಕೊನೆಗೆ ಬ್ರೆಡ್ ಪುಡಿ. ಒಂದು ಕೈ ಒಣದಕ್ಕೆ, ಇನ್ನೊಂದು ಕೈ ಹಸಿಯದಕ್ಕೆ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ವಕೀಲರು ಸೊಪ್ಪು ಹಾಕಲಿಲ್ಲ. ಐದು ನಿಮಿಷದಲ್ಲಿ ಅವರ ಹತ್ತು ಬೆರಳಿಗೂ ಕರಿಯಲು ಸಿದ್ಧವಾದ ಕವಚ ಬೆಳೆದಿತ್ತು. ಆಗಲೇ ಮೊಬೈಲ್ ಬಡಿದುಕೊಂಡಿತು. ಮೂಗಿನ ತುದಿಯಿಂದ ಕರೆ ಸ್ವೀಕರಿಸಿ, "ಸ್ವಾಮಿ, ನನ್ನ ಕೈ ಕಟ್ಟಿಹಾಕಿದಂತಾಗಿದೆ" ಎಂದು ಯಾರಿಗೋ ಬಹಳ ಗಂಭೀರವಾಗಿ ಹೇಳಿದರು. ಆ ಕಡೆಯವರು ಮೊಕದ್ದಮೆಯ ಆಸೆಯನ್ನೇ ಬಿಟ್ಟಿರಬೇಕು.

ಎಣ್ಣೆಯ ವಿಷಯದಲ್ಲಿ ಮಾತ್ರ ಡಾಕ್ಟರಮ್ಮ ಯಾರ ಹಾಸ್ಯವನ್ನೂ ಒಳಗೆ ಬಿಡಲಿಲ್ಲ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಶಾಖ 175ರಿಂದ 190 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ಹಿಟ್ಟು ಬಿಟ್ಟು ನೋಡುವುದು: ತಳಕ್ಕೆ ಹೋಗಿ ಕೂತರೆ ಎಣ್ಣೆ ಕಾದಿಲ್ಲ, ಬಿದ್ದ ಕೂಡಲೇ ಕಂದಾದರೆ ಅತಿಯಾಗಿ ಕಾದಿದೆ, ಗುಳ್ಳೆಯೆಬ್ಬಿಸುತ್ತ ತಕ್ಷಣ ಮೇಲೆ ಬಂದರೆ ಸರಿ. ಒಮ್ಮೆಗೆ ಮೂರು ನಾಲ್ಕು ಬಳೆ ಸಾಕು, ಬಾಣಲೆ ತುಂಬಿಸಿದರೆ ಶಾಖ ಕುಸಿಯುತ್ತದೆ. ಹೊಗೆ ಕಂಡರೆ ಉರಿ ತಗ್ಗಿಸಬೇಕು. ಅಕಸ್ಮಾತ್ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು, ನೀರು ಸುರಿಯಲೇಬಾರದು. ಕವಿಗಳು ಮೊದಲೇ ತುಂಬಿಟ್ಟುಕೊಂಡಿದ್ದ ನೀರಿನ ಚೊಂಬನ್ನು ಸದ್ದಿಲ್ಲದೆ ಕೆಳಗಿಟ್ಟರು.

"ಇಷ್ಟೊಂದು ಎಣ್ಣೆಯೆಲ್ಲ ನಮ್ಮ ಹೊಟ್ಟೆಗೆ ಹೋಗುತ್ತದೆಯೇ?" ಎಂದು ಕೇಳಿದೆ.

ಮೇಷ್ಟ್ರು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. "ಬಾಣಲೆಯಲ್ಲಿ ಕಾಣುವ ಗುಳ್ಳೆಗಳು ಎಣ್ಣೆ ಕುದಿಯುವುದರಿಂದ ಬಂದವಲ್ಲ. ಅದು ಬಳೆಯೊಳಗಿನ ನೀರು, ಆವಿಯಾಗಿ 1,600 ಪಟ್ಟಿಗೂ ಮೀರಿ ಹಿಗ್ಗಿ ಹೊರಗೆ ನುಗ್ಗುತ್ತಿದೆ. ಅದು ನುಗ್ಗುವವರೆಗೆ ಎಣ್ಣೆಗೆ ಒಳಗೆ ಬರಲು ದಾರಿಯಿಲ್ಲ. ಹೊರತೆಗೆದ ಮೇಲೆ ಬಳೆ ತಣ್ಣಗಾಗುತ್ತದೆ, ಒಳಗಿನ ಆವಿ ಸಾಂದ್ರೀಕರಿಸಿ ಒತ್ತಡ ಕುಸಿಯುತ್ತದೆ, ಆಗ ಮೈಮೇಲಿನ ಎಣ್ಣೆ ಒಳಗೆ ಎಳೆಯಲ್ಪಡುತ್ತದೆ. ಹೆಚ್ಚಿನ ಎಣ್ಣೆ ಸೇರುವುದು ಬಾಣಲೆಯಲ್ಲಲ್ಲ, ಹೊರಬಂದ ಮೇಲೆ."

ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ, ಎಣ್ಣೆಯಲ್ಲಿ ಮುಳುಗಿದ್ದಾಗ ಕುಡಿಯದ ಎಣ್ಣೆಯನ್ನು ದಡ ಸೇರಿದ ಮೇಲೆ ಕುಡಿಯುತ್ತದೆಂದರೆ ಯಾರು ತಾನೇ ನಂಬಿಯಾರು? ಆದರೂ ವಿಷಯ ಅದೇ. ಆದ್ದರಿಂದ ತೆಗೆದ ಕ್ಷಣದಲ್ಲೇ ಜಾಲರಿ ಸೌಟನ್ನು ಎರಡು ಸಲ ಕೊಡವಿ, ಬಿಸಿಯಿರುವಾಗಲೇ ಎಣ್ಣೆ ಇಳಿಸಿ, ತಂತಿ ಜಾಲರಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಬೇಕು. ತಟ್ಟೆಯಲ್ಲಿ ರಾಶಿ ಹಾಕಿದರೆ ಕೆಳಗಿನವುಗಳ ಆವಿಗೆ ಮೇಲಿನವು ನೆನೆಯುತ್ತವೆ. ಉಪ್ಪು ಉದುರಿಸುವುದೂ ಆಗಲೇ. ಮೊದಲೇ ಈರುಳ್ಳಿಗೆ ಉಪ್ಪು ಹಚ್ಚಿದರೆ ಅದು ನೀರನ್ನು ಎಳೆದು ಹೊರಗೆ ಹಾಕಿ ಹಿಟ್ಟನ್ನು ಜೌಗು ಮಾಡುತ್ತದೆ.

"ಹಾಗಾದರೆ ಮೊದಲ ಕಂತಿನ ಮೇಲೆ ಮುಚ್ಚಳ ಇಟ್ಟವರು ಯಾರು?" ಎಂದು ಡಾಕ್ಟರಮ್ಮ ತಣ್ಣಗೆ ಕೇಳಿದರು.

ಎಲ್ಲರೂ ವಕೀಲರ ಕಡೆ ತಿರುಗಿದೆವು.

"ಬಿಸಿ ಆರದಿರಲಿ ಎಂಬ ಸದುದ್ದೇಶದಿಂದ..."

"ಬೇಲಿಯೇ ಎದ್ದು ಹೊಲ ಮೇಯ್ದಿದೆ" ಎಂದರು ಕವಿಗಳು, ಬಹಳ ಸಂತೋಷದಿಂದ.

"ಅಪರಾಧಕ್ಕೆ ಉದ್ದೇಶ ಇರಬೇಕು. ನನಗೆ ಆವಿಯ ಉದ್ದೇಶ ಗೊತ್ತಿರಲಿಲ್ಲ. ಸಂಶಯದ ಲಾಭ ಆರೋಪಿಗೆ!"

ಎರಡನೆಯ ಕಂತು ಜಾಲರಿಗೆ ಇಳಿಯಿತು. ಬೆರಳಲ್ಲಿ ಎತ್ತಿದರೆ ಸೆಟೆದು ನಿಂತವು, ಮುರಿದರೆ ಟಕ್ಕೆಂದವು. ಆ ಹೊನ್ನಿನ ಬಣ್ಣ ನೋಡಿದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ದೊಡ್ಡ ಪಾಠ ಮಾಡುವಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಮುಚ್ಚಿಕೊಂಡರು. "1912ರಲ್ಲಿ ಫ್ರಾನ್ಸಿನ ಮೈಯಾರ್ ಎಂಬ ರಸಾಯನಶಾಸ್ತ್ರಜ್ಞ ಅಮೈನೋ ಆಮ್ಲಗಳನ್ನೂ ಸಕ್ಕರೆಯನ್ನೂ ಒಟ್ಟಿಗೆ ಬಿಸಿ ಮಾಡಿದಾಗ ಆಗುವ ಕ್ರಿಯೆಯನ್ನು ವಿವರಿಸಿದರು. ಈ ಬಣ್ಣ, ಈ ಪರಿಮಳ ಅದರದೇ. ಅದು ಚುರುಕಾಗುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಮೈ ಒದ್ದೆಯಿರುವವರೆಗೆ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಆದ್ದರಿಂದ ನೀರು ಹೋಗದೆ ಬಣ್ಣವಿಲ್ಲ, ಬಣ್ಣವಿಲ್ಲದೆ..."

ಕಣ್ಣು ತೆರೆದಾಗ ಜಾಲರಿ ಬರಿದಾಗಿತ್ತು. ಕವಿಗಳ ಎರಡು ಕೆನ್ನೆಗಳೂ ಉಬ್ಬಿದ್ದವು, ವಕೀಲರು ಸಾಕ್ಷ್ಯವನ್ನು ನುಂಗುತ್ತಿದ್ದರು. ನಾನು ಎಷ್ಟು ತಿಂದೆನೆಂಬುದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

"ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಲ್ಲ ಮೇಷ್ಟ್ರೇ!" ಎಂದರು ಡಾಕ್ಟರಮ್ಮ.

ಮೇಷ್ಟ್ರು ಬಹಳ ಹೊತ್ತು ಖಾಲಿ ಜಾಲರಿಯನ್ನೇ ದಿಟ್ಟಿಸಿದರು. ಆಮೇಲೆ ತೋಳು ಮಡಚಿ, "ಮೂರನೆಯ ಕಂತಿಗೆ ಈರುಳ್ಳಿಯನ್ನು ನಾನೇ ಹೆಚ್ಚುತ್ತೇನೆ" ಎಂದು ಎದ್ದರು.

"ಕಣ್ಣು ತೆರೆದೋ, ಮುಚ್ಚಿಯೋ?" ಎಂದು ವಕೀಲರು ವಿಚಾರಿಸಿದರು.