ಆರು ಜನ ಸ್ವಿಟ್ಜರ್ಲೆಂಡಿಗೆ ಹೊರಟಿದೀವಿ, ಅಡುಗೆ ನಾವೇ ಮಾಡ್ಕೋಬೇಕು, ಏನು ಹೊತ್ಕೊಂಡು ಹೋಗೋದು?

ಗೋಣಿಕೊಪ್ಪದಿಂದ ಪ್ರಶ್ನೆ:
ಕಾಫಿ ಕೊಯ್ಲು ಮುಗೀತು, ಹೂಮಳೆನೂ ಬಂತು, ಏಪ್ರಿಲ್ ಕೊನೇಲಿ ಸ್ವಿಟ್ಜರ್ಲೆಂಡ್, ಅಲ್ಲಿಂದ ಆಸ್ಟ್ರಿಯಾ ಹೋಗೋಣ ಅಂತ ಟಿಕೆಟ್ ಮಾಡಿಸಿದೀವಿ, ದುಬೈ ಮೇಲೆ ಫ್ಲೈಟ್. ನಾವಿಬ್ರು, ಇಬ್ರು ಮಕ್ಕಳು, ಅತ್ತೆ ಮಾವ. ಟೂರ್ ಕಂಪನಿ ಜೊತೆ ಅಲ್ಲ, ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿದಿದೀವಿ, ದಿನಾ ಹೋಟೆಲಲ್ಲಿ ತಿನ್ನೋಕೆ ನಮ್ಮ ಬಜೆಟ್ ಸಾಲಲ್ಲ. ಅತ್ತೆ ಸಸ್ಯಾಹಾರಿ, ಅವರಿಗೆ ಅನ್ನ ಇಲ್ದಿದ್ರೆ ಊಟ ಆದ ಹಾಗೇ ಅಲ್ಲ, ಮಾವಂಗೆ ಪಂದಿಕರಿ ಬೇಕು. ಹೋಗಿಬಂದವರು ದಯವಿಟ್ಟು ಹೇಳಿ, ಅಕ್ಕಿ ಬೇಳೆ ಎಲ್ಲ ಇಲ್ಲಿಂದಲೇ ಕಟ್ಕೊಂಡು ಹೋಗಬೇಕಾ?

ವಿರಾಜಪೇಟೆಯಿಂದ:
ಅಕ್ಕಿ ಬೇಳೆ ಖಂಡಿತ ಬೇಡ ಅಕ್ಕ, ರುಚಿ ಮಾತ್ರ ಇಲ್ಲಿಂದ ತಗೊಂಡು ಹೋಗಿ, ತೂಕ ಇರೋದೆಲ್ಲ ಅಲ್ಲೇ ಕೊಂಡ್ಕೊಳ್ಳಿ. ಅಲ್ಲಿ ದುಬಾರಿ ಇರೋದು ಹೋಟೆಲ್ ಊಟ, ಅಂಗಡಿ ಅಕ್ಕಿ ಅಲ್ಲ. ಸಾಧಾರಣ ಹೋಟೆಲಲ್ಲಿ ಒಬ್ಬರ ಊಟಕ್ಕೆ ಇಪ್ಪತ್ತು ಇಪ್ಪತ್ತೈದು ಫ್ರಾಂಕ್ ಆರಾಮಾಗಿ ಆಗತ್ತೆ, ನೀವು ಆರು ಜನ, ಒಂದು ಹೊತ್ತಿಗೇ ನೂರೈವತ್ತರ ಹತ್ರ, ಒಂದು ಫ್ರಾಂಕಿಗೆ ನೂರು ರೂಪಾಯಿ ಅಂತ ಹಿಡಿದ್ರೂ ಹದಿನೈದು ಸಾವಿರ ಆಯ್ತು. ಅದೇ ಅಂಗಡಿಯಿಂದ ತಂದು ಬೇಯಿಸ್ಕೊಂಡ್ರೆ ಅದರ ಅರ್ಧ ದುಡ್ಡಲ್ಲಿ ಇಡೀ ದಿನ ಎಲ್ಲರ ಹೊಟ್ಟೆ ತುಂಬತ್ತೆ. ಕೋಪ್, ಮಿಗ್ರೋಸ್ ಅಂತ ಎರಡು ದೊಡ್ಡ ಅಂಗಡಿ ಊರೂರಲ್ಲೂ ಇದೆ. ಮಿಗ್ರೋಸಲ್ಲಿ ಎಂ-ಬಜೆಟ್, ಕೋಪಲ್ಲಿ ಪ್ರಿ ಗ್ಯಾರಂಟಿ ಅಂತ ಬರೆದಿರೋ ಪ್ಯಾಕೆಟ್ ಹುಡುಕಿ, ಅವರ ಅತಿ ಅಗ್ಗದ ಮಾಲು ಅದೇ, ಕ್ವಾಲಿಟಿ ಏನೂ ತೊಂದ್ರೆ ಇಲ್ಲ. ಆಲ್ಡಿ, ಲಿಡ್ಲ್ ಹತ್ರ ಇದ್ರೆ ಇನ್ನೂ ಒಳ್ಳೇದು. ಆಸ್ಟ್ರಿಯಾದಲ್ಲಿ ಆಲ್ಡಿಗೆ ಹೋಫರ್ ಅಂತ ಬೋರ್ಡ್ ಇರತ್ತೆ.

ಅಕ್ಕಿ ತಗೊಳ್ಳೋವಾಗ ಮಿಲ್ಖ್‌ರೈಸ್ ಅಂತಿರೋ ಗುಂಡಕ್ಕಿ ಬೇಡ, ಅದು ಹಾಲಲ್ಲಿ ಬೇಯಿಸಿ ಪಾಯಸದ ಥರ ಮಾಡೋದಕ್ಕೆ, ಅನ್ನ ಮಾಡಿದ್ರೆ ಮುದ್ದೆ ಆಗತ್ತೆ. ಪಾರ್‌ಬಾಯ್ಲ್ಡ್ ಅಂತಿದ್ರೆ ಕುಸುಬಲಕ್ಕಿ, ಉದುರುದುರಾಗಿ ಬರತ್ತೆ. ಬೇಳೆಗೆ ರೋಟೆ ಲಿನ್ಸೆನ್ ಅಂತ ಕೇಳಿ, ಅದು ನಮ್ಮ ಮಸೂರ್ ಬೇಳೆನೇ, ಕುಕ್ಕರ್ ಇಲ್ದೆ ಬರೀ ಪಾತ್ರೇಲಿ ಕಾಲು ಗಂಟೇಲಿ ಬೇಯತ್ತೆ. ಟೊಮೆಟೊ ಹಾಕಿ, ಮನೆ ಸಾರಿನ ಪುಡಿ ಹಾಕಿದ್ರೆ ಅತ್ತೆಯವರ ಊಟ ಆಯ್ತು. ಮೊಸರು ನೋಡಿ ತಗೊಳ್ಳಿ, ಮುಕ್ಕಾಲು ಪಾಲು ಸಿಹಿ ಹಣ್ಣಿನದ್ದೇ ಇರತ್ತೆ, ನೇಚರ್ ಅಂತ ಬರೆದಿರೋದು ಮಾತ್ರ ಸಪ್ಪೆ ಮೊಸರು.

ಈಗ ಪಂದಿಕರಿ. ಹಂದಿಮಾಂಸ ಅಲ್ಲಿ ಎಲ್ಲಾ ಅಂಗಡೀಲೂ ಸಿಗತ್ತೆ, ದನದ ಮಾಂಸಕ್ಕಿಂತ ಎಷ್ಟೋ ಕಮ್ಮಿ ರೇಟು, ಅದಕ್ಕೇ ಮಾವಂಗೆ ಇಲ್ಲ ಅನ್ನಬೇಡಿ. ಶ್ವೈನ್ಸ್‌ ಫೋರ್‌ಎಸ್ಸೆನ್ ಅಂತ ತುಂಡು ಮಾಡಿಟ್ಟಿರೋದು ಸಿಗತ್ತೆ, ಆದ್ರೆ ಅದರಲ್ಲಿ ಚರ್ಮ ಕೊಬ್ಬು ಎಲ್ಲ ತೆಗೆದಿರ್ತಾರೆ, ಅದೊಂದೇ ಹಾಕಿದ್ರೆ ಕರಿ ಒಣಒಣ ಆಗತ್ತೆ, ಹೊಟ್ಟೆ ಭಾಗದ ಮಾಂಸ ಸ್ವಲ್ಪ ಜೊತೆಗೆ ಸೇರಿಸಿ, ಅದಕ್ಕೆ ಬೌಖ್ ಅಂತಾರೆ. ಮಸಾಲೆ ಇಲ್ಲೇ ಹುರಿದು ಪುಡಿ ಮಾಡ್ಕೊಂಡು ಹೋಗಿ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಸಾಸಿವೆ ಎಲ್ಲ ಕಪ್ಪಗೆ ಹುರಿಯೋವಾಗ ಏಳೋ ಹೊಗೆ ಗೊತ್ತಲ್ಲ, ಆ ಅಪಾರ್ಟ್‌ಮೆಂಟಲ್ಲಿ ಹಾಗೆ ಹುರಿದ್ರೆ ಹೊಗೆ ಅಲಾರಂ ಹೊಡೆದು ಪಕ್ಕದ ಮನೆಯವರೆಲ್ಲ ಹೊರಗೆ ಬರ್ತಾರೆ. ಒಗ್ಗರಣೆನೂ ಸಣ್ಣ ಉರೀಲಿ, ಕಿಟಕಿ ತೆಗೆದು. ಪಂದಿಕರಿಗೆ ಹುಳಿಗೆ ಹಾಕೋ ನಮ್ಮ ಕಪ್ಪು ಕಾಚಂಪುಳಿ ರಸ ಚಿಕ್ಕ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ, ಗಾಜು ಬೇಡ, ಕತ್ತಿನವರೆಗೆ ತುಂಬಬೇಡಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿ, ಮೇಲೆ ಟೇಪ್ ಸುತ್ತಿ, ಎರಡು ಜಿಪ್ ಕವರಲ್ಲಿ ಹಾಕಿ ದೊಡ್ಡ ಬ್ಯಾಗಿನ ಮಧ್ಯೆ ಇಡಿ. ಒಂದು ಕೆಜಿ ಮಾಂಸಕ್ಕೆ ಒಂದೆರಡು ಚಮಚ ಸಾಕಲ್ವಾ, ಹಾಗಾಗಿ ಚಿಕ್ಕ ಬಾಟ್ಲಿ ಧಾರಾಳ ಆಯ್ತು. ಸಂಜೆ ಮಾಡಿಟ್ರೆ ಮಾರನೇ ದಿನಕ್ಕೂ ಆಗತ್ತೆ, ರುಚಿನೂ ಜಾಸ್ತಿ.

ಸುಂಟಿಕೊಪ್ಪದಿಂದ:
ದುಬೈ ಮೇಲೆ ಅಂದ್ರಲ್ಲ, ಒಂದೇ ಒಂದು ಮಾತು, ಗಸಗಸೆ ಒಂದು ಚಿಟಿಕೆನೂ ಬೇಡ. ಯುಎಇನಲ್ಲಿ ಅದು ಮಾದಕ ವಸ್ತು ಲೆಕ್ಕ, ಸಿಂಗಾಪುರದಲ್ಲೂ ನಿಷೇಧ. ಬರೀ ಪ್ಯಾಕೆಟ್ ಅಂತ ಅಲ್ಲ, ಕೋಳಿ ಕರಿ ಮಸಾಲೆಗೆ, ಕುರ್ಮಾ ಪುಡಿಗೆ ಅಮ್ಮಂದಿರು ಹಾಕಿರ್ತಾರೆ ನೋಡಿ, ಅದನ್ನ ಯಾರು ಮಾಡಿಕೊಟ್ರು, ಏನು ಹಾಕಿದಾರೆ ಅಂತ ಬಾಯಿಬಿಟ್ಟು ಕೇಳಿ ತಗೊಳ್ಳಿ. ನಮ್ಮ ಮನೆಯವರು ಗಲ್ಫಲ್ಲಿ ಇದ್ದಿದ್ದಕ್ಕೆ ಇಷ್ಟು ಒತ್ತಿ ಹೇಳ್ತಿದೀನಿ. ಆಮೇಲೆ ಒಣಕೊಬ್ಬರಿ ಗಿಟುಕು ಬ್ಯಾಗಲ್ಲಿ ಇಡಬೇಡಿ, ಎಣ್ಣೆ ಜಾಸ್ತಿ ಇರೋದ್ರಿಂದ ಬೆಂಕಿ ಹತ್ತೋ ವಸ್ತು ಅಂತ ವಿಮಾನದಲ್ಲಿ ಬಿಡಲ್ಲ. ಉಪ್ಪಿನಕಾಯಿ, ಮಸಾಲೆ ಪುಡಿ ಇದ್ಯಾವುದೂ ಕೈಬ್ಯಾಗಲ್ಲಿ ಬೇಡ.

ಗೋಣಿಕೊಪ್ಪ:
ಅಯ್ಯೋ, ಗಸಗಸೆ ವಿಷಯ ಹೇಳಿದ್ದು ತುಂಬಾ ಒಳ್ಳೇದಾಯ್ತು, ಅಮ್ಮ ಕೊಟ್ಟ ಪುಡಿ ಆಗ್ಲೇ ಕಟ್ಟಿಟ್ಟಿದ್ದೆ, ಈಗಲೇ ಫೋನ್ ಮಾಡಿ ಕೇಳ್ತೀನಿ. ಮನೆ ತುಪ್ಪ ತಗೊಂಡು ಹೋಗಬಹುದಾ? ಅತ್ತೆಗೆ ಬಿಸಿ ಅನ್ನಕ್ಕೆ ತುಪ್ಪ ಬೇಕೇ ಬೇಕು. ಕುಕ್ಕರ್?

ಕುಶಾಲನಗರದಿಂದ:
ತುಪ್ಪ ಬೇಡ ಮೇಡಂ. ನಮ್ಮಂಥ ಹೊರಗಿನ ದೇಶದಿಂದ ಹೋಗೋರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಒಳಗೆ ತರೋ ಹಾಗಿಲ್ಲ, ಯುರೋಪಿಯನ್ ಯೂನಿಯನ್‌ಗೂ ಸ್ವಿಟ್ಜರ್ಲೆಂಡ್‌ಗೂ ಇದೇ ರೂಲ್ಸ್, ಪೇಡ, ಹಂದಿ ಉಪ್ಪಿನಕಾಯಿ ಎಲ್ಲ ಅದರಲ್ಲೇ ಬಂತು. ಆದ್ರೆ ಅತ್ತೆಯವರಿಗೆ ತುಪ್ಪ ತಪ್ಪಲ್ಲ, ಸ್ವಿಸ್ ಅಂಗಡೀಲಿ ಬ್ರಾಟ್‌ಬಟರ್ ಅಂತ ಸಿಗತ್ತೆ, ಆಸ್ಟ್ರಿಯಾದಲ್ಲಿ ಬುಟರ್‌ಶ್ಮಾಲ್ಟ್ಸ್ ಅಂತಾರೆ, ಬೆಣ್ಣೆ ಕಾಯಿಸಿದ್ದೇ ಅದು, ಘಮ ಸ್ವಲ್ಪ ಕಮ್ಮಿ ಅಷ್ಟೇ. ಕರಿಬೇವು, ಹಸಿಮೆಣಸು, ತರಕಾರಿನೂ ಇಲ್ಲಿಂದ ಬೇಡ, ಹಸಿ ಗಿಡ-ಸೊಪ್ಪಿಗೆ ಸರ್ಟಿಫಿಕೇಟ್ ಕೇಳ್ತಾರೆ.

ಅದಕ್ಕೆಲ್ಲ ಶ್ರೀಲಂಕಾ ತಮಿಳರ ಅಂಗಡಿ ಹುಡುಕಿ. 1980ರ ದಶಕದಿಂದ ಅಲ್ಲಿಗೆ ಹೋಗಿ ನೆಲೆಸಿರೋರು ತುಂಬಾ ಜನ ಇದಾರೆ, ಜ್ಯೂರಿಕ್, ಬರ್ನ್ ಥರದ ಊರಲ್ಲಿ ಅವರ ಅಂಗಡಿ ಇದೆ. ಕರಿಬೇವು, ಫ್ರೀಜ್ ಮಾಡಿದ ತೆಂಗಿನ ತುರಿ, ಇಡಿಯಾಪ್ಪದ ಹುರಿದ ಅಕ್ಕಿಹಿಟ್ಟು ಎಲ್ಲ ಸಿಗತ್ತೆ. ಆ ಹಿಟ್ಟಿಗೆ ಬಿಸಿನೀರು, ಉಪ್ಪು, ಒಂದು ಮುಷ್ಟಿ ಅನ್ನ ಹಾಕಿ ನಾದಿದ್ರೆ ಅಕ್ಕಿ ರೊಟ್ಟಿ ಚೆನ್ನಾಗೇ ಬರತ್ತೆ. ನಾನು ಅಂಗಡಿಯವರ ಹತ್ರ ಮುರುಕಲು ತಮಿಳಲ್ಲಿ ಮಾತಾಡಿದ್ದಕ್ಕೆ ಅವರು ಎಷ್ಟು ಖುಷಿಪಟ್ರು ಅಂದ್ರೆ, ಕರಿಬೇವು ದುಡ್ಡಿಲ್ದೆ ಕೊಟ್ರು.

ಕುಕ್ಕರ್ ಬಗ್ಗೆ, ಅಪಾರ್ಟ್‌ಮೆಂಟಿನವರಿಗೆ ಒಲೆ ಇಂಡಕ್ಷನ್ನಾ ಅಂತ ಮೆಸೇಜ್ ಮಾಡಿ ಕೇಳಿ, ಇಂಡಕ್ಷನ್ ಆದ್ರೆ ನಮ್ಮ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಬಿಸಿನೇ ಆಗಲ್ಲ. ನಾನಂತೂ ಚಿಕ್ಕ ಎಲೆಕ್ಟ್ರಿಕ್ ರೈಸ್ ಕುಕ್ಕರ್‌ಗೇ ಓಟು, ವೋಲ್ಟೇಜ್ ಇಲ್ಲಿ ಥರಾನೇ 230, ಪಿನ್ನಿಗೆ ಮಾತ್ರ ಅಡಾಪ್ಟರ್ ಬೇಕು, ಅದೂ ಅಷ್ಟು ಲೋಡ್ ತಡೆಯೋ ಗಟ್ಟಿದು ತಗೊಳ್ಳಿ. ಸ್ವಿಸ್ ಸಾಕೆಟ್ ಬೇರೆ ಥರ, ಆಸ್ಟ್ರಿಯಾದ್ದು ಬೇರೆ ಥರ, ನೆನಪಿರಲಿ.

ಮಡಿಕೇರಿಯಿಂದ:
ಎಲ್ಲರೂ ರಾತ್ರಿ ಅಡುಗೆ ಬಗ್ಗೆನೇ ಹೇಳ್ತಿದಾರೆ, ದುಡ್ಡು ನಿಜವಾಗ್ಲೂ ಸೋರೋದು ಮಧ್ಯಾಹ್ನ. ಬೆಟ್ಟದ ಮೇಲಕ್ಕೆ ರೈಲಲ್ಲಿ ಹೋಗಿರ್ತೀರ, ಮಕ್ಕಳು ಹಸಿವು ಅಂತಾರೆ, ಅಲ್ಲಿ ಒಂದು ಪ್ಲೇಟ್ ಫ್ರೆಂಚ್ ಫ್ರೈಸ್ ರೇಟ್ ನೋಡಿದ್ರೆ ಸಂಕಟ ಆಗತ್ತೆ. ಬೆಳಿಗ್ಗೆನೇ ಚಿತ್ರಾನ್ನನೋ ಪುಳಿಯೋಗರೆನೋ ಕಲಸಿ ಡಬ್ಬಿಗೆ ಹಾಕಿ, ಮೊಟ್ಟೆ ಬೇಯಿಸಿಟ್ಕೊಳ್ಳಿ, ಮಕ್ಕಳಿಗೆ ಬ್ರೆಡ್ಡು ಚೀಸು. ಮುಚ್ಚಳ ಗಟ್ಟಿ ಇರೋ ಸ್ಟೀಲ್ ಡಬ್ಬಿ ಇಲ್ಲಿಂದಲೇ ತಗೊಂಡು ಹೋಗಿ. ನೀರಿಗೆ ದುಡ್ಡು ಕೊಡಲೇಬೇಡಿ, ನಲ್ಲಿ ನೀರು ಕುಡಿಯಬಹುದು, ಬೀದಿ ಕಾರಂಜಿ ನೀರೂ ಅಷ್ಟೇ, ಕೈನ್ ಟ್ರಿಂಕ್‌ವಾಸರ್ ಅಂತ ಬೋರ್ಡ್ ಇರೋ ಕಡೆ ಮಾತ್ರ ಬೇಡ. ಅಂಗಡಿ ಮುಚ್ಚೋ ಹೊತ್ತಿಗೆ ಹೋದ್ರೆ ಬ್ರೆಡ್ಡು, ಮಾಂಸದ ಮೇಲೆ ಅರ್ಧ ರೇಟಿನ ಸ್ಟಿಕ್ಕರ್ ಅಂಟಿಸಿರ್ತಾರೆ.

ಕಾಫಿಪುಡಿ, ಫಿಲ್ಟರ್ ಮರೀಬೇಡಿ, ಅಲ್ಲಿ ಹಾಲು ತುಂಬಾ ಚೆನ್ನಾಗಿರತ್ತೆ. ನೀವು ಇಳಿಯೋದು ಯಾವ ವಾರ?

ಗೋಣಿಕೊಪ್ಪ:
ಭಾನುವಾರ ಬೆಳಿಗ್ಗೆ ಜ್ಯೂರಿಕ್.

ಮಡಿಕೇರಿಯಿಂದ:
ಹಾಗಾದ್ರೆ ಇದನ್ನ ಬರೆದಿಟ್ಕೊಳ್ಳಿ. ಭಾನುವಾರ ಅಲ್ಲಿ ಊರೊಳಗಿನ ಅಂಗಡಿ ಹೆಚ್ಚುಕಮ್ಮಿ ಎಲ್ಲಾ ಬಂದ್, ಆಸ್ಟ್ರಿಯಾದಲ್ಲೂ ಹಾಗೇ, ದೊಡ್ಡ ರೈಲ್ವೆ ಸ್ಟೇಷನ್, ಏರ್‌ಪೋರ್ಟಲ್ಲಿ ಇರೋದು ಮಾತ್ರ ತೆಗೆದಿರತ್ತೆ. ಜ್ಯೂರಿಕ್ ಏರ್‌ಪೋರ್ಟಲ್ಲೇ ಮಿಗ್ರೋಸ್, ಕೋಪ್ ಎರಡೂ ಇದೆ. ಲಗೇಜ್ ಜೊತೆ ಮಾವ, ಮಕ್ಕಳನ್ನ ಒಂದು ಕಡೆ ಕೂರಿಸಿ, ಅಕ್ಕಿ, ಬೇಳೆ, ಈರುಳ್ಳಿ, ಟೊಮೆಟೊ, ಹಾಲು, ಮೊಸರು, ಮೊಟ್ಟೆ, ಒಂದು ಚಿಕ್ಕ ಎಣ್ಣೆ ಬಾಟ್ಲಿ, ಉಪ್ಪು ಇಷ್ಟು ತಗೊಂಡೇ ರೈಲು ಹತ್ತಿ, ಸೋಮವಾರದ ತಿಂಡಿವರೆಗೂ ಯೋಚನೆ ಇರಲ್ಲ.